ಮಾಂಜಿಯೋ, ಕಾಣೆಯೋ, ಕೊಡ್ಡಾಯಿಯೋ: ಬಿಳಿ ಮಾಂಸದ ಕಡಲಮೀನನ್ನು ಆರಿಸುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಮೀನು ಮಾರುಕಟ್ಟೆಗೆ ನಡೆದು ಹೋಗಬಹುದಾದ ದೂರದಲ್ಲಿ ನನ್ನ ಮನೆಯಿರುವುದರಿಂದ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ನೆಂಟರು ಮೀನಿನ ವಿಷಯ ಬಂದಾಗ ಮೊದಲು ನನ್ನನ್ನೇ ವಿಚಾರಿಸುತ್ತಾರೆ. ಬೂತಾಯಿ, ಬಂಗುಡೆಗಳ ಬಗ್ಗೆ ಯಾರೂ ಕೇಳುವುದಿಲ್ಲ. ಅವು ತಾಜಾ ಸಿಕ್ಕ ದಿನ ತರುವುದು, ಇಲ್ಲದ ದಿನ ಬಿಡುವುದು, ಅಷ್ಟೇ. ತೊಡಕಿರುವುದು ಬಿಳಿ ಮಾಂಸದ ಮೀನುಗಳಲ್ಲಿ. ಮಾಂಜಿ, ಕಾಣೆ, ಅಂಜಲ್, ಮುರು, ಕೊಡ್ಡಾಯಿ, ಮದಿಮಾಳ್, ನಂಗ್ ಇವೆಲ್ಲ ಒಂದೇ ಸಾಲಿನಲ್ಲಿ ಮಂಜುಗಡ್ಡೆಯ ಮೇಲೆ ಮಲಗಿರುವಾಗ, ಒಂದರ ಬೆಲೆ ಇನ್ನೊಂದರ ನಾಲ್ಕು ಪಟ್ಟು ಇರುವಾಗ, ಯಾವುದಕ್ಕೆ ಹಣ ಕೊಡಬೇಕು ಎಂಬುದು ನಿಜವಾದ ಪ್ರಶ್ನೆಯೇ ಆಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಹೆಸರಿನ ಗೊಂದಲವೂ ಇದಕ್ಕೆ ಸೇರಿಕೊಳ್ಳುತ್ತದೆ. ತುಳುವಿನಲ್ಲಿ ಮಾಂಜಿ ಎನ್ನುವುದನ್ನು ಮಲಯಾಳದಲ್ಲಿ ಆವೋಲಿ ಎನ್ನುತ್ತಾರೆ, ಅಂಗಡಿಯ ಹಲಗೆಯಲ್ಲಿ ಅದು ಪಾಂಪ್ಲೆಟ್ ಆಗಿರುತ್ತದೆ. ಅಂಜಲ್ ಇಲ್ಲಿಯ ಮಲಯಾಳದಲ್ಲಿ ಅಯಕ್ಕೂರ, ತೆಂಕಣ ಕೇರಳದಲ್ಲಿ ನೆಯ್‌ಮೀನ್, ಕೊಂಕಣಿಯಲ್ಲಿ ಇಸ್ವಾಣ. ಕೊಲ್ಲಿಯಲ್ಲಿ ದುಡಿದು ಬಂದವರು ಮುರುವನ್ನು ಹಮೂರ್ ಎಂದೇ ಕೇಳುತ್ತಾರೆ. ತುಳುವಿನಲ್ಲಿ ಮದುಮಗಳ ಹೆಸರು ಹೊತ್ತಿರುವ ಮದಿಮಾಳ್ ಮೀನು ಮಲಬಾರಿನ ಮಲಯಾಳದಲ್ಲಿ ‘ಪುದಿಯಾಪ್ಲ ಕೋರ’, ಅಂದರೆ ಮದುಮಗನಾಗುತ್ತದೆ. ಆದ್ದರಿಂದ ಹೆಸರು ಹೇಳಿ ಫೋನಿನಲ್ಲಿ ಮೀನು ತರಿಸುವವರು ಯಾವ ಭಾಷೆಯ ಹೆಸರು ಎಂಬುದನ್ನೂ ಹೇಳುವುದು ಒಳ್ಳೆಯದು.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಮೀನಿನ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾರುಕಟ್ಟೆಗೆ ಹೋಗುವುದಕ್ಕಿಂತ ಅಡುಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವುದು ಮೇಲು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕಾವಲಿಯಲ್ಲಿ ಹುರಿಯುವುದೋ, ಹುಳಿ ಖಾರದ ಪುಳಿಮುಂಚಿ ಮಾಡುವುದೋ, ತೆಂಗಿನಕಾಯಿ ಅರೆದ ಗಸಿಯೋ ಎಂಬುದು ತೀರ್ಮಾನವಾದರೆ ಅರ್ಧ ಆಯ್ಕೆ ಮುಗಿದಂತೆ. ಎರಡನೆಯದು ತಿನ್ನುವವರು ಯಾರು ಎಂಬುದು: ಮುಳ್ಳು ಬಿಡಿಸಲಾರದ ಮಕ್ಕಳೋ, ಹಲ್ಲು ಕಳೆದುಕೊಂಡ ಹಿರಿಯರೋ, ಮೀನಿನ ತಲೆಯನ್ನೇ ಇಷ್ಟಪಡುವವರೋ. ಮೂರನೆಯದು ಮೀನು ದಡಕ್ಕೆ ಬಂದು ಎಷ್ಟು ಹೊತ್ತಾಯಿತು ಎಂಬುದು. ನಾಲ್ಕನೆಯದು ಅದೇ ದಿನ ಬೇಯಿಸುವಿರೋ, ಫ್ರೀಜರಿನಲ್ಲಿ ಇಡುವಿರೋ ಎಂಬುದು.

ಐದನೆಯದಾದ ಬೆಲೆಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ತಕ್ಕಡಿಯ ಮೇಲಿನ ಬೆಲೆ ತಟ್ಟೆಯ ಮೇಲಿನ ಬೆಲೆಯಲ್ಲ. ಲೆಕ್ಕ ತಿಳಿಯಲೆಂದು ಕಿಲೊಗೆ 300 ರೂಪಾಯಿಯ ಇಡೀ ಮೀನೊಂದನ್ನು ಊಹಿಸಿಕೊಳ್ಳಿ. ತಲೆ, ಕರುಳು, ಹುರುಪೆ, ರೆಕ್ಕೆಗಳನ್ನು ತೆಗೆದ ಮೇಲೆ 600 ಗ್ರಾಂ ಉಳಿದರೆ ಪಾತ್ರೆಗೆ ಬೀಳುವ ಮೀನಿಗೆ ನೀವು ಕಿಲೊಗೆ 500 ರೂಪಾಯಿ ಕೊಟ್ಟಂತಾಯಿತು. ಕಿಲೊಗೆ 450 ರೂಪಾಯಿಯ ತುಂಡು ಮೀನು 900 ಗ್ರಾಂ ಉಳಿದರೆ ಅದರ ಬೆಲೆಯೂ ಅಷ್ಟೇ. ದೊಡ್ಡ ತಲೆಯ ಮೀನು ಅಗ್ಗವೆಂದು ಕಂಡರೂ, ಆ ತಲೆಯನ್ನು ಗಸಿಗೆ ಹಾಕುವ ಅಭ್ಯಾಸವಿಲ್ಲದ ಮನೆಗೆ ಅದು ಅಗ್ಗವಲ್ಲ. ಮನೆಯಲ್ಲಿ ತಕ್ಕಡಿಯಿದ್ದರೆ ಸ್ವಚ್ಛಗೊಳಿಸುವ ಮೊದಲು ಮತ್ತು ಅನಂತರ ಎರಡು ಮೂರು ಸಲ ತೂಗಿ ನೋಡಿ. ಅನಂತರ ಯಾವ ಮೀನು ನಿಮ್ಮ ಮನೆಗೆ ಹೊಂದುತ್ತದೆ ಎಂಬುದಕ್ಕೆ ಬೇರೊಬ್ಬರನ್ನು ಕೇಳಬೇಕಾಗುವುದಿಲ್ಲ.

ಬಿಳಿ ಮಾಂಸ ಎಂದರೇನು ಎಂಬುದನ್ನೂ ಇಲ್ಲೇ ಹೇಳಬೇಕು. ಬಂಗುಡೆಯಂತೆ ಎಡೆಬಿಡದೆ ಈಜುವ ಮೀನುಗಳ ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ಕೆಂಪು ದ್ರವ್ಯವೂ ಎಣ್ಣೆಯೂ ಹೆಚ್ಚಿರುತ್ತವೆ. ತಳದ ಹತ್ತಿರ ಇದ್ದು, ಬೇಕಾದಾಗ ಮಾತ್ರ ಚಿಮ್ಮಿ ಓಡುವ ಮೀನುಗಳಲ್ಲಿ ಅವು ಕಡಿಮೆ. ಇದರಿಂದ ಮಾಂಸ ಬೆಳ್ಳಗೆ, ವಾಸನೆ ಸೌಮ್ಯ, ಜೀರ್ಣಕ್ಕೆ ಹಗುರ. ಆದರೆ ಎಣ್ಣೆಯ ಕಾವಲು ಇಲ್ಲದ ಕಾರಣ ಸ್ವಲ್ಪ ಹೆಚ್ಚು ಬೆಂದರೂ ಒಣಗಿ ಹಿಂಜಿಹೋಗುತ್ತದೆ. ಬಿಳಿ ಮಾಂಸವೆಂದರೆ ಹೆಚ್ಚು ಪೌಷ್ಟಿಕ ಎಂಬ ನಂಬಿಕೆ ಸರಿಯಲ್ಲ. ನೂರು ಗ್ರಾಮಿಗೆ ಹದಿನೇಳರಿಂದ ಇಪ್ಪತ್ತು ಗ್ರಾಂನಷ್ಟು ಪ್ರೋಟೀನು ಇವುಗಳಲ್ಲಿ ಸಿಗುತ್ತದೆ, ನಿಜ; ಹೃದಯಕ್ಕೆ ಒಳ್ಳೆಯದೆನ್ನುವ ಒಮೇಗಾ 3 ಕೊಬ್ಬು ಬೇಕಾದವರಿಗೆ ಮಾತ್ರ ಇವೆಲ್ಲಕ್ಕಿಂತ ಬೂತಾಯಿಯೇ ಮೇಲು. ಹೀಗಾಗಿ ಬಡವರ ಮೀನೆಂದು ಬೂತಾಯಿಯನ್ನು ಬಿಟ್ಟು, ಸಾಲ ಮಾಡಿ ಮಾಂಜಿ ತರುವ ಅಗತ್ಯ ಆರೋಗ್ಯದ ದೃಷ್ಟಿಯಿಂದ ಯಾರಿಗೂ ಇಲ್ಲ.

ಒಂದೊಂದೇ ಮೀನು

ಮಾಂಜಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚು ಹಣ ಕಳೆದುಕೊಳ್ಳುವುದೂ ಹೆಚ್ಚು ಮೋಸ ಹೋಗುವುದೂ ಇದರಲ್ಲೇ. ಬಿಳಿ ಮಾಂಜಿಯ ತಲೆ ಚಿಕ್ಕದು, ಕರುಳಿನ ಭಾಗ ಕಡಿಮೆ, ಮುಳ್ಳು ನಡುವಿನ ಒಂದೇ ಹಲಗೆಯಲ್ಲಿ ಸೇರಿಕೊಂಡಿರುತ್ತದೆ. ಇಡೀ ಮೀನನ್ನು ಗೀರಿ, ಮಸಾಲೆ ತುಂಬಿ, ಬಾಳೆಯೆಲೆಯಲ್ಲಿ ಸುತ್ತಿ ಕಾವಲಿಯಲ್ಲಿಟ್ಟರೆ ತಟ್ಟೆಯಲ್ಲಿ ಅದಕ್ಕಿರುವ ಅಂದ ಬೇರೆ ಮೀನಿಗಿಲ್ಲ. ಮಕ್ಕಳಿಗೂ ಹಿರಿಯರಿಗೂ ನಿಶ್ಚಿಂತೆಯಿಂದ ಬಡಿಸಬಹುದು. ಆದರೆ ಅದರ ಕಿವಿರಿನ ಬಾಯಿ ಕಿರಿದಾದ ಸೀಳಿನಂತಿರುವುದರಿಂದ, ಬೇರೆ ಮೀನುಗಳಲ್ಲಿ ಮಾಡುವಂತೆ ಕಿವಿರನ್ನು ಎತ್ತಿ ಕೆಂಪು ನೋಡುವುದು ಸುಲಭವಲ್ಲ. ಹೊಟ್ಟೆಯ ಬಳಿ ಬೆರಳಿನಿಂದ ಒತ್ತಿ, ಗುಳಿ ಕೂಡಲೇ ತುಂಬಿಕೊಳ್ಳುತ್ತದೋ ಎಂದು ನೋಡಬೇಕು. ಕಪ್ಪು ಮಾಂಜಿ ಹೆಸರಿನಲ್ಲಿ ಮಾಂಜಿಯೇ ಹೊರತು ಕುಟುಂಬ ಬೇರೆ. ಅದರ ಮಾಂಸ ತುಸು ಗಾಢ, ರುಚಿ ತುಸು ಒರಟು, ಬೆಲೆ ಸಾಮಾನ್ಯವಾಗಿ ಕಡಿಮೆ. ಪುಳಿಮುಂಚಿಗೆ ನನಗೆ ಬಿಳಿಯದಕ್ಕಿಂತ ಕಪ್ಪು ಮಾಂಜಿಯೇ ಇಷ್ಟ, ಏಕೆಂದರೆ ಹುಳಿ ಖಾರದ ಎದುರು ಬಿಳಿ ಮಾಂಜಿಯ ನವಿರು ಉಳಿಯುವುದಿಲ್ಲ.

ಕಡಲಿನಿಂದ ದೂರದ ಪೇಟೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕೆಲವು ವರ್ಷಗಳ ಹಿಂದೆ ಒಳನಾಡಿನ ಪೇಟೆಯೊಂದರಲ್ಲಿ ಪಾಂಪ್ಲೆಟ್ ಎಂದು ಹೇಳಿ ಕೊಟ್ಟ ಎರಡು ಕಿಲೊ ಮೀನನ್ನು ನೆಂಟರ ಮನೆಗೆ ಒಯ್ದೆ. ಸ್ವಚ್ಛಗೊಳಿಸಲು ಕುಳಿತಾಗ ಬಾಯಿಯಲ್ಲಿ ಮನುಷ್ಯರದರಂತಹ ಸಾಲು ಹಲ್ಲುಗಳು ಕಂಡವು. ಅದು ರೂಪಚಂದ, ಕೆರೆಯಲ್ಲಿ ಸಾಕುವ ಸಿಹಿನೀರಿನ ಮೀನು. ತಿನ್ನಲು ಅಡ್ಡಿಯಿಲ್ಲ, ಆದರೆ ಮಾಂಜಿಯ ಬೆಲೆಗೆ ಕೊಳ್ಳುವಂತಹದಲ್ಲ. ನೆಂಟರ ಎದುರು ನನಗಾದ ಸಂಕೋಚವನ್ನು ಇಂದಿಗೂ ಮರೆತಿಲ್ಲ. ಹಲ್ಲು, ಹೊಟ್ಟೆಯ ಕೆಂಪು ಛಾಯೆ, ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಇರುವ ಪುಟ್ಟ ಮಾಂಸದ ರೆಕ್ಕೆ, ಈ ಮೂರು ಗುರುತು ನೋಡಿದರೆ ಯಾರೂ ಮೋಸ ಹೋಗಲಾರರು.

ಕಾಣೆ ಮರಳು ತಳದ ಆಳವಿಲ್ಲದ ನೀರಿನಲ್ಲಿ, ಅಳಿವೆಗಳ ಹತ್ತಿರ ಇರುವ ಮೀನು. ಹೆದರಿದಾಗ ಮರಳಿನೊಳಗೆ ಹೂತುಕೊಳ್ಳುತ್ತದೆ. ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳು ಕಡಲು ಸೇರುವ ನಮ್ಮಂತಹ ತೀರದಲ್ಲಿ ಚಿಕ್ಕ ದೋಣಿಯವರ ಬಲೆಗೆ ಬೀಳುವುದರಿಂದ, ಬೆಳಗಿನ ಕಾಣೆ ನಿಜವಾಗಿಯೂ ಬೆಳಗಿನದೇ ಆಗಿರುವ ಸಾಧ್ಯತೆ ಹೆಚ್ಚು. ನನ್ನ ಕೈಯಲ್ಲಿ ಸ್ವಲ್ಪ ಹಣವಿದ್ದು, ರವೆ ಹಚ್ಚಿ ಹುರಿಯುವ ಮನಸ್ಸಿದ್ದರೆ ಮಾಂಜಿಯನ್ನು ದಾಟಿ ಕಾಣೆಯ ಬುಟ್ಟಿಯ ಮುಂದೆ ನಿಲ್ಲುತ್ತೇನೆ. ಹೊರಗೆ ಗರಿಗರಿ, ಒಳಗೆ ಹಬೆಯಾಡುವ ಎಸಳು. ಬೆನ್ನಮುಳ್ಳನ್ನು ತಲೆಯ ಕಡೆಯಿಂದ ಎತ್ತಿದರೆ ಎರಡೂ ಬದಿಯ ಮಾಂಸ ಬಿಟ್ಟುಬರುತ್ತದೆ. ಗಸಿಗೆ ಹಾಕಬಹುದು, ಆದರೆ ಸೌಟು ಆಡಿಸಬಾರದು, ಚಟ್ಟಿಯನ್ನೇ ಹಿಡಿದು ಅಲುಗಾಡಿಸಬೇಕು. ಬೆಲೆ ಗಾತ್ರದೊಂದಿಗೆ ಜಿಗಿಯುತ್ತದೆ. ನಡುಗಾತ್ರದ್ದನ್ನು ಕೊಳ್ಳುವುದು ಲಾಭ. ಬೆರಳಿನಷ್ಟು ತೆಳುವಾದದ್ದು ಹುರಿದಾಗ ಒಣಗುತ್ತದೆ.

ಅಂಜಲನ್ನು ಬಿಳಿ ಮೀನುಗಳ ಜೊತೆ ಸೇರಿಸುವುದು ರೂಢಿ, ಆದರೆ ಅದು ಬಂಗುಡೆಯ ಬಳಗದ್ದು. ಮಾಂಸ ಬೂದು ಬಿಳಿ, ಬೆನ್ನಮುಳ್ಳಿನ ಎರಡೂ ಬದಿಗೆ ಕಡುಗೆಂಪಿನ ಪಟ್ಟಿ. ಈ ಬಳಗದ ಮೀನುಗಳನ್ನು ಹಿಡಿದ ಕೂಡಲೇ ಮಂಜುಗಡ್ಡೆಯಲ್ಲಿ ಇಡದಿದ್ದರೆ ಹಿಸ್ಟಮಿನ್ ಎಂಬ ವಸ್ತು ಉಂಟಾಗಿ, ತಿಂದವರಿಗೆ ಮುಖ ಕೆಂಪೇರುವುದು, ತಲೆನೋವು, ತುರಿಕೆ ಬರಬಹುದು. ಒಮ್ಮೆ ಉಂಟಾದ ಹಿಸ್ಟಮಿನ್ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ಅಂಜಲನ್ನು ಬಿಸಿಲಿನಲ್ಲಿ ಹಲಗೆಯ ಮೇಲಿಟ್ಟು ಮಾರುವವರಿಂದ ಕೊಳ್ಳಬಾರದು ಎನ್ನುವುದರಲ್ಲಿ ನಾನು ರಾಜಿಯಾಗಲಾರೆ. ಸಾಧ್ಯವಾದರೆ ನಿಮ್ಮ ಎದುರಿಗೇ ತುಂಡು ಮಾಡಿಸಿ. ನಡುವಿನ ಪಟ್ಟಿ ಕೆಂಪಾಗಿದ್ದರೆ ಸರಿ, ಕಂದಾಗಿದ್ದು ಮಾಂಸದ ಉಂಗುರಗಳು ಒಂದರಿಂದೊಂದು ಬಿಟ್ಟಿದ್ದರೆ ಮೀನು ಹಳತು. ಒಳ್ಳೆಯದು ಸಿಕ್ಕಿದರೆ ಇದರಷ್ಟು ಅನುಕೂಲದ ಮೀನು ಬೇರಿಲ್ಲ: ತುಂಡುಗಳು ಸಮನಾಗಿರುತ್ತವೆ, ನೂರು ಜನರ ಊಟದಲ್ಲಿ ಪ್ರತಿಯೊಬ್ಬರ ಎಲೆಗೂ ಒಂದೊಂದು ಎಣಿಸಿ ಬಡಿಸಬಹುದು. ಮದುವೆ, ಗೃಹಪ್ರವೇಶದ ಮರುದಿನದ ಊಟಗಳಲ್ಲಿ ಅಂಜಲ್ ನೆಲೆನಿಂತದ್ದು ಈ ಎಣಿಕೆಯ ಅನುಕೂಲದಿಂದಲೇ ಎಂದು ನನಗೆ ತೋರುತ್ತದೆ. ಬೇರೆ ಮೀನುಗಳನ್ನು ತಿಂದು ಬೆಳೆಯುವ ದೊಡ್ಡ ಮೀನುಗಳಲ್ಲಿ ಪಾದರಸ ಹೆಚ್ಚು ಸೇರಿಕೊಳ್ಳುವುದರಿಂದ, ಗರ್ಭಿಣಿಯರಿಗೂ ಪುಟ್ಟ ಮಕ್ಕಳಿಗೂ ದೊಡ್ಡ ಅಂಜಲಿನ ಬದಲು ಕಾಣೆ, ನಂಗ್, ಮದಿಮಾಳ್‌ನಂತಹ ಚಿಕ್ಕ ಮೀನುಗಳನ್ನು ಕೊಡುವುದು ಉಚಿತ.

ಮುರು ಗಸಿಯ ಮೀನು. ದಪ್ಪ ಚರ್ಮ, ದೊಡ್ಡ ಎಸಳಿನ ಗಟ್ಟಿ ಮಾಂಸ; ಒಲೆಯ ಮೇಲೆ ಐದು ನಿಮಿಷ ಹೆಚ್ಚಾದರೂ ಒಡೆಯುವುದಿಲ್ಲ, ಮರುದಿನ ಬಿಸಿ ಮಾಡಿದಾಗ ರುಚಿ ಇನ್ನಷ್ಟು ಏರುತ್ತದೆ. ತಲೆಯನ್ನು ಎಂದಿಗೂ ಬಿಡಬೇಡಿ. ಅದರ ಅಂಟಿನಿಂದಲೇ ಸಾರು ಮಂದವಾಗುವುದು. ಈ ಜಾತಿಯಲ್ಲಿ ಬಹುಪಾಲು ಮೀನುಗಳು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗಿ ಬದಲಾಗುತ್ತವೆ. ಹೀಗಾಗಿ ಅತಿ ದೊಡ್ಡ ಮುರುಗಳನ್ನೇ ಹಿಡಿಯುತ್ತ ಹೋದರೆ ಸಂತತಿಗೆ ಗಂಡುಗಳೇ ಉಳಿಯುವುದಿಲ್ಲ. ಎರಡು ಕಿಲೊದೊಳಗಿನ ಮೀನು ನಾಲ್ವರ ಮನೆಗೆ ಧಾರಾಳ ಸಾಕು.

ಇನ್ನು ನನ್ನ ಮನೆಯ ನಿತ್ಯದ ಮೀನಾದ ಕೊಡ್ಡಾಯಿ. ಮಲಯಾಳದಲ್ಲಿ ಕೋರ ಎನ್ನುವ ಈ ಮೀನು ಗಾಳಿಚೀಲದ ಸುತ್ತಲಿನ ಸ್ನಾಯುಗಳಿಂದ ಗೊರಗೊರ ಸದ್ದು ಹೊರಡಿಸುತ್ತದೆ. ತಲೆಯೊಳಗೆ ಎರಡು ಬಿಳಿಯ ಕಲ್ಲುಗಳಿರುವುದರಿಂದ ತಲೆ ಚೀಪುವ ಮಕ್ಕಳಿಗೆ ಮೊದಲೇ ಹೇಳಿರಬೇಕು. ಮಾಂಸ ಬೆಳ್ಳಗೆ, ಮೆತ್ತಗೆ, ನೀರಿನಂಶ ಹೆಚ್ಚು. ಈ ನೀರಿನ ಗುಣವನ್ನು ತಿಳಿಯದೆ ನೇರವಾಗಿ ಕಾವಲಿಗೆ ಹಾಕಿದವರು ಕೊಡ್ಡಾಯಿಗೆ ರುಚಿಯಿಲ್ಲ ಎನ್ನುತ್ತಾರೆ. ಉಪ್ಪು, ಅರಿಶಿನ ಹಚ್ಚಿ ಅರ್ಧ ಗಂಟೆ ಇಟ್ಟು, ಬಿಟ್ಟ ನೀರನ್ನು ಬಸಿದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಅನಂತರ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆಯ ಮಸಾಲೆ ಹಚ್ಚಿದರೆ ಅದು ಕಾಣೆಗೆ ಬಹಳ ಹಿಂದೆ ಬೀಳುವುದಿಲ್ಲ. ಬಿಂಬುಳಿ ಹಾಕಿದ ತೆಳು ಗಸಿಗೂ ಇದು ಹೊಂದುತ್ತದೆ. ತಲೆ ದೊಡ್ಡದು ಎಂಬ ನಷ್ಟವನ್ನು ಒಪ್ಪಿಕೊಂಡರೂ, ವಾರಕ್ಕೆ ಎರಡು ಸಲ ಬಿಳಿ ಮೀನು ಬೇಕೆನ್ನುವ ಸಾಧಾರಣ ಆದಾಯದ ಮನೆಗೆ ಇದಕ್ಕಿಂತ ಒಳ್ಳೆಯ ಆಯ್ಕೆಯನ್ನು ನಾನು ಕಂಡಿಲ್ಲ.

ಮದಿಮಾಳ್ ಇನ್ನೂ ಅಗ್ಗ. ಗುಲಾಬಿ ಬಣ್ಣದ ಈ ಮೀನಿನ ಮಾಂಸವನ್ನು ಅರೆದು ತೊಳೆದು ಮಾಡುವ ಸುರಿಮಿ ಎಂಬ ಹಿಟ್ಟಿಗೆ ನಮ್ಮ ದೇಶದ ಕಾರ್ಖಾನೆಗಳು ಇದನ್ನೇ ಮುಖ್ಯವಾಗಿ ನೆಚ್ಚಿಕೊಂಡಿವೆ. ಹುರುಪೆ ಕೆರೆಯುವ ಕೆಲಸ ಹೆಚ್ಚು, ರೆಕ್ಕೆಯ ಮುಳ್ಳು ಕೈಗೆ ಚುಚ್ಚುತ್ತದೆ, ಮಾಂಸ ಬೇಗ ಸಡಿಲವಾಗುತ್ತದೆ. ತಂದ ದಿನವೇ ಬೇಯಿಸುವವರು ಮಾತ್ರ ಕೊಳ್ಳಬೇಕು. ಕೇರಳದಲ್ಲಿ 12 ಸೆಂಟಿಮೀಟರಿಗಿಂತ ಚಿಕ್ಕದನ್ನು ಹಿಡಿಯುವುದಕ್ಕೆ ನಿಷೇಧವಿದೆ. ಅಂಗೈಯಗಲಕ್ಕಿಂತ ತುಸುವೇ ಉದ್ದದ ಮರಿಗಳ ರಾಶಿ ಅಗ್ಗಕ್ಕೆ ಸಿಕ್ಕಿದರೂ ಬಿಟ್ಟುಬಿಡಿ. ನಂಗ್ ಮಳೆಗಾಲ ಇಳಿಯುವ ಹೊತ್ತಿಗೆ ದಡದ ಹತ್ತಿರ ಗುಂಪುಗುಂಪಾಗಿ ಸಿಗುವ ಚಪ್ಪಟೆ ಮೀನು. ಚರ್ಮವನ್ನು ತಲೆಯ ಕಡೆಯಿಂದ ಒಂದೇ ಸೆಳೆತಕ್ಕೆ ಸುಲಿದರೆ ಕೆಲಸ ಮುಗಿಯಿತು. ಕುಚ್ಚಲಕ್ಕಿ ಗಂಜಿಯ ಜೊತೆ ಹುರಿದ ನಂಗ್ ಇದ್ದರೆ ಬೇರೆ ಪದಾರ್ಥ ಬೇಡ.

ಕೊನೆಗೆ, ಮುಳ್ಳು ತೆಗೆದು ಹೆಪ್ಪುಗಟ್ಟಿಸಿ ಮಾರುವ ಬಾಸಾ. ಇದು ಕಡಲಮೀನೇ ಅಲ್ಲ. ವಿಯೆಟ್ನಾಮಿನ ಮೆಕಾಂಗ್ ನದಿಯ ಬಯಲಿನಲ್ಲೂ ನಮ್ಮ ಆಂಧ್ರದಲ್ಲೂ ಸಾಕುವ ಸಿಹಿನೀರಿನ ಮೀನು. ಹಲ್ಲಿಲ್ಲದ ಅಜ್ಜನಿಗೆ, ಮುಳ್ಳಿನ ಹೆದರಿಕೆಯಿಂದ ಮೀನನ್ನೇ ಬಿಟ್ಟ ಮಗುವಿಗೆ ಅದು ಉಪಕಾರಿ. ಗಸಿಗೆ ಹಾಕಿದರೆ ಮಾತ್ರ ಸ್ವಂತ ರುಚಿ ಏನೂ ಉಳಿಯುವುದಿಲ್ಲ. ಪೊಟ್ಟಣ ಕೊಳ್ಳುವಾಗ ಮಂಜಿನ ಪದರ ಬಿಟ್ಟು ಮೀನಿನ ತೂಕ ಎಷ್ಟು ಎಂಬುದನ್ನು ಓದಿ. ಅಂಗಡಿಯ ಪೆಟ್ಟಿಗೆಯಲ್ಲಿ ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡು ಒಂದೇ ಗಡ್ಡೆಯಾಗಿದ್ದರೆ ನಡುವೆ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿರಬಹುದು, ಬೇಡ.

ಕಾಲ ಮತ್ತು ತಾಜಾತನ

ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲ್ ಬೋಟುಗಳು ಕಡಲಿಗಿಳಿಯುವಂತಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಹೀಗಾಗಿ ಆ ದಿನಗಳಲ್ಲಿ ಮಂಗಳೂರಿನ ದಕ್ಕೆಯಿಂದಾಗಲಿ ಇಲ್ಲಿಯ ಬಂದರುಗಳಿಂದಾಗಲಿ ಬೋಟಿನ ಮೀನು ಬರುವುದಿಲ್ಲ. ನಾಡದೋಣಿಯವರು ಕಡಲು ಒಪ್ಪಿದ ದಿನ ತರುವ ಸ್ವಲ್ಪ ಮೀನು ಮಾತ್ರ ನಮ್ಮದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ, ಜೂನ್ ನಡುವಿನ ಬಳಿಕ ತಮಿಳುನಾಡು, ಆಂಧ್ರದ ಮೀನು ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ದೂರದಿಂದ ಬಂದದ್ದೆಲ್ಲ ಕೆಟ್ಟದ್ದಲ್ಲ, ಮಂಜುಗಡ್ಡೆ ಮೀನಿನ ತೂಕದಷ್ಟೇ ಇದ್ದರೆ ಚೆನ್ನಾಗಿಯೇ ಉಳಿಯುತ್ತದೆ. ಆದರೆ ಅಂತಹ ಮೀನಿಗೆ ಆ ಬೆಳಗಿನ ಮೀನಿನ ಬೆಲೆ ಕೊಡಬಾರದು. ಜುಲೈಯಲ್ಲಿ ದೊಡ್ಡ ಮಾಂಜಿ ಕಂಡರೆ ಎಲ್ಲಿಂದ ಬಂತು ಎಂದು ಕೇಳಿ. ಆಗಸ್ಟಿನಲ್ಲಿ ಬೋಟುಗಳು ಇಳಿದೊಡನೆ ಮದಿಮಾಳ್ ರಾಶಿ ಬೀಳುತ್ತದೆ, ಅಗ್ಗವಾಗಿ ಹೊಟ್ಟೆ ತುಂಬ ತಿನ್ನಲು ಅದೇ ಸಮಯ.

2018ರಲ್ಲಿ ಕೇರಳದ ಆಹಾರ ಸುರಕ್ಷಾ ಇಲಾಖೆ ‘ಆಪರೇಶನ್ ಸಾಗರ್ ರಾಣಿ’ ಎಂಬ ತಪಾಸಣೆಯಲ್ಲಿ ಹೊರರಾಜ್ಯದಿಂದ ಬಂದ, ಹೆಣ ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ಎಂಬ ರಾಸಾಯನಿಕ ಬೆರೆತ ಮೀನನ್ನು ವಶಪಡಿಸಿಕೊಂಡ ಮೇಲೆ ಜನರಲ್ಲಿ ಮೂಡಿದ ಭಯ ಪೂರ್ತಿ ಹೋಗಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಫಾರ್ಮಲಿನ್, ಅಮೋನಿಯಗಳನ್ನು ಕಾಗದದ ಪಟ್ಟಿಯಿಂದ ಪತ್ತೆಹಚ್ಚುವ ಕಿಟ್ ರೂಪಿಸಿದೆ. ಅದು ಕೈಯಲ್ಲಿಲ್ಲದವರು ಲಕ್ಷಣಗಳ ಹೊಂದಿಕೆಯನ್ನು ನೋಡಬೇಕು. ಮೀನು ಹಳತಾದಂತೆ ಕಣ್ಣು ಗುಳಿಬೀಳುವುದು, ಕಿವಿರು ಬಿಳಿಚುವುದು, ಮಾಂಸ ಸಡಿಲವಾಗುವುದು, ವಾಸನೆ ಏರುವುದು ಜೊತೆಜೊತೆಯಾಗಿ ನಡೆಯುತ್ತವೆ. ಕಣ್ಣು ಗುಳಿಬಿದ್ದು ಕಿವಿರು ಬಿಳಿಚಿದ್ದರೂ ಮಾಂಸ ರಬ್ಬರಿನಂತೆ ಬಿಗಿಯಾಗಿದ್ದು ಮೀನಿನ ವಾಸನೆಯೇ ಇಲ್ಲದಿದ್ದರೆ ಆ ಅಂಗಡಿಯಿಂದ ಹೊರಟುಬಿಡಿ.

ಯಾರಿಗೆ ಯಾವುದು

ಮನೆಯಲ್ಲಿ ಪುಟ್ಟ ಮಕ್ಕಳಿದ್ದು ಹಣಕ್ಕೆ ಅಡ್ಡಿಯಿಲ್ಲದಿದ್ದರೆ ಕಾಣೆ. ಅದಿಲ್ಲದ ದಿನ ಮಾಂಜಿ. ಹಣ ಬಿಗಿಯಾಗಿದ್ದು ಮಕ್ಕಳೂ ಇದ್ದರೆ ನಂಗ್, ಏಕೆಂದರೆ ಅಂಚಿನ ಮುಳ್ಳನ್ನು ಸುತ್ತ ತೆಗೆದುಬಿಟ್ಟರೆ ನಡುವಿನ ಭಾಗ ನಿರಪಾಯ. ವಾರದ ಊಟಕ್ಕೆ ಕೊಡ್ಡಾಯಿ. ಹತ್ತು ಹನ್ನೆರಡು ಜನ ಬರುವ ದಿನ ಗಸಿಗೆ ಮುರು, ಹುರಿಯಲು ಅಂಜಲ್. ನೂರು ಜನರಿಗಾದರೆ ಅಂಜಲ್ ಒಂದೇ, ಅದನ್ನೂ ಹಿಂದಿನ ದಿನವೇ ಹೇಳಿಟ್ಟು ಎದುರಿಗೆ ಕೊಯ್ಯಿಸಬೇಕು. ಪೆರ್ಲ, ಮುಳ್ಳೇರಿಯದಂತಹ ಕಡೆ ಸ್ಕೂಟರಿನಲ್ಲಿ ಮೀನು ತರುವವರಿಂದ ಕೊಳ್ಳುವವರು ಹತ್ತು ಗಂಟೆಯ ಬಳಿಕ ಅಂಜಲನ್ನೂ ಮದಿಮಾಳನ್ನೂ ಬಿಟ್ಟು, ಗಟ್ಟಿ ಮಾಂಸದ ಮುರುವನ್ನೋ ಕಿವಿರು ನೋಡಬಹುದಾದ ಕೊಡ್ಡಾಯಿಯನ್ನೋ ಆರಿಸಬಹುದು. ಹಬ್ಬದ ಮುನ್ನಾದಿನ ಮಾಂಜಿಯ ಬೆಲೆ ಏರಿದಾಗ ಅದನ್ನೇ ತರಬೇಕೆಂಬ ಹಟ ಬೇಡ. ಅದೇ ಹಣಕ್ಕೆ ಎರಡು ಕಿಲೊ ಕೊಡ್ಡಾಯಿ ಬಂದರೆ ಎಲ್ಲರೂ ಎರಡು ಸಲ ಬಡಿಸಿಕೊಂಡು ಉಣ್ಣಬಹುದು.

ಫ್ರೀಜರಿನಲ್ಲಿ ಇಡುವುದಾದರೆ ಎಣ್ಣೆ ಕಡಿಮೆಯಿರುವ ಬಿಳಿ ಮೀನು ಬಂಗುಡೆಗಿಂತ ಹೆಚ್ಚು ದಿನ ತಾಳುತ್ತದೆ. ಕರೆಂಟು ಆಗಾಗ ಹೋಗುವ ನಮ್ಮ ಮನೆಗಳಲ್ಲಿ ಒಂದು ತಿಂಗಳನ್ನು ಮಿತಿಯಾಗಿ ಇಟ್ಟುಕೊಳ್ಳುವುದು ಕ್ಷೇಮ. ಕರುಳು, ಕಿವಿರು ತೆಗೆದು, ಒಂದು ಹೊತ್ತಿಗೆ ಬೇಕಾಗುವಷ್ಟನ್ನೇ ಒಂದೊಂದು ಡಬ್ಬಿಯಲ್ಲಿ ಹಾಕಿ, ಮೀನು ಮುಳುಗುವಷ್ಟು ನೀರು ಹೊಯ್ದು ಇಟ್ಟರೆ ಗಾಳಿ ತಾಗದೆ ಒಣಗುವುದು ತಪ್ಪುತ್ತದೆ. ಬೇಕಾದ ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ ನಿಧಾನವಾಗಿ ಕರಗಿಸಬೇಕು, ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಹೀಗೆ ಇಟ್ಟ ಅಂಜಲ್, ಮುರು ಗಸಿಯಲ್ಲಿ ತಾಜಾ ಮೀನಿನಂತೆಯೇ ಇರುತ್ತವೆ. ಮಾಂಜಿಯನ್ನು ಹುರಿದರೆ ತುಸು ಒಣಕಲೆನಿಸುತ್ತದೆ, ಮದಿಮಾಳ್ ಹಿಂಜಿಹೋಗುತ್ತದೆ. ಕಾಣೆಯನ್ನು ಮಾತ್ರ ನಾನು ಇದುವರೆಗೆ ಫ್ರೀಜರಿಗೆ ಹಾಕಿಲ್ಲ. ಅದು ಸಿಕ್ಕ ದಿನ ಅಕ್ಕಪಕ್ಕದ ಮನೆಗೂ ನಾಲ್ಕು ಹುರಿದು ಕಳುಹಿಸುತ್ತೇವೆ.